ದುಡಿದ ಗಂಟೆಗಳ ಲೆಕ್ಕ ನಿಮ್ಮ ಕೈಯಲ್ಲಿರಲಿ

ಸ್ಯಾನ್ ಹೋಸೆಗೆ ಬಂದು ಮೂರು ತಿಂಗಳಾಯಿತು, ವಾರಕ್ಕೆ 55 ಗಂಟೆ ದುಡಿದರೂ ಟೈಮ್‌ಶೀಟಿನಲ್ಲಿ 40 ಎಂದೇ ತುಂಬಿಸುತ್ತಾರೆ, ‘ನಿಮ್ಮದು ತಿಂಗಳ ಸಂಬಳ, ಓವರ್‌ಟೈಮ್ ಇಲ್ಲ’ ಎನ್ನುತ್ತಾರೆ, ವೀಸಾ ಮೇಲಿರುವ ನಾನು ಇದನ್ನು ಪ್ರಶ್ನಿಸಬಹುದೇ ಎಂದು ಕೇಳಿದ್ದೀರಿ. ಖಂಡಿತ ಪ್ರಶ್ನಿಸಬಹುದು.

ಅಮೆರಿಕದ 1938ರ ಫೆಡರಲ್ (ಕೇಂದ್ರ) ಕಾನೂನಾದ ಫೇರ್ ಲೇಬರ್ ಸ್ಟ್ಯಾಂಡರ್ಡ್ಸ್ ಕಾಯ್ದೆಯಂತೆ ವಾರಕ್ಕೆ 40 ಗಂಟೆ ಮೀರಿದ ದುಡಿಮೆಗೆ ಒಂದೂವರೆ ಪಟ್ಟು ವೇತನ ಸಲ್ಲಬೇಕು. ಕ್ಯಾಲಿಫೋರ್ನಿಯಾ ಇನ್ನೂ ಬಿಗಿ, ಇಲ್ಲಿ ದಿನಕ್ಕೆ 8 ಗಂಟೆ ದಾಟಿದರೆ ಒಂದೂವರೆ ಪಟ್ಟು, 12 ದಾಟಿದರೆ ಎರಡು ಪಟ್ಟು. ಕಂಪ್ಯೂಟರ್ ವೃತ್ತಿಯವರಿಗೆ ಓವರ್‌ಟೈಮ್ ಕೊಡುವುದರಿಂದ ಕಂಪನಿಗಳಿಗೆ ವಿನಾಯಿತಿ ಇರುವುದು ನಿಜ. ಆದರೆ ಅದು ತೀರ್ಮಾನವಾಗುವುದು ಸಂಬಳದ ಮೊತ್ತ ಮತ್ತು ನೀವು ದಿನವೂ ಮಾಡುವ ಕೆಲಸವನ್ನು ನೋಡಿಯೇ ಹೊರತು ಆಫರ್ ಲೆಟರಿನಲ್ಲಿ ಅಚ್ಚಾದ ಹುದ್ದೆಯ ಹೆಸರನ್ನು ನೋಡಿ ಅಲ್ಲ. ಇದೇ ತಕರಾರಿನಲ್ಲಿ ವಿಡಿಯೋ ಗೇಮ್ ಕಂಪನಿ ಎಲೆಕ್ಟ್ರಾನಿಕ್ ಆರ್ಟ್ಸ್ 2005ರಲ್ಲಿ ತನ್ನ ಗ್ರಾಫಿಕ್ ಕಲಾವಿದರೊಂದಿಗೆ 1.56 ಕೋಟಿ ಡಾಲರಿಗೆ, ಮರುವರ್ಷ ಪ್ರೋಗ್ರಾಮರುಗಳೊಂದಿಗೆ 1.49 ಕೋಟಿ ಡಾಲರಿಗೆ ರಾಜಿ ಮಾಡಿಕೊಂಡಿತು. ಒಬ್ಬರ ಬಾಕಿ ವಕೀಲರ ಖರ್ಚಿಗೂ ಸಾಲದಿರಬಹುದು. ನೂರಾರು ಜನರ ಬಾಕಿ ಒಂದೇ ದಾವೆಯಲ್ಲಿ ಸೇರಿದಾಗ ಕಂಪನಿ ಕೂತು ಮಾತಾಡಲೇಬೇಕಾಗುತ್ತದೆ.

ನಾನು ಬಂದ ಹೊಸತರಲ್ಲಿ ಸಪೋರ್ಟ್ ಕೆಲಸದಲ್ಲಿದ್ದೆ. ಊರಿನಿಂದ ತಂದ ಗೋಡೆ ಕ್ಯಾಲೆಂಡರಿನಲ್ಲಿ, ಏಕಾದಶಿ, ಸಂಕಷ್ಟಿ ಎಂದು ಅಚ್ಚಾಗಿದ್ದ ಚೌಕಗಳೊಳಗೇ, ಕಚೇರಿಗೆ ಹೋದ ಮತ್ತು ಬಂದ ವೇಳೆಯನ್ನು ನನ್ನ ಹೆಂಡತಿ ಪೆನ್ಸಿಲಿನಲ್ಲಿ ಗುರುತು ಹಾಕುತ್ತಿದ್ದಳು. ಎರಡು ವರ್ಷದ ನಂತರ ಸಹೋದ್ಯೋಗಿಗಳು ದಾವೆ ಹೂಡಿದಾಗ ವಕೀಲರು ಮೊದಲು ಕೇಳಿದ್ದು ಇಂಥ ಗುರುತುಗಳನ್ನೇ. ಕಂಪನಿಯ ಟೈಮ್‌ಶೀಟುಗಳಲ್ಲಿ ನಮ್ಮೆಲ್ಲರದೂ 40 ಗಂಟೆಯೇ ಇತ್ತು. ಆದ್ದರಿಂದ ಇವತ್ತಿನಿಂದಲೇ ಬರೆದಿಡಿ, ಕಂಪನಿಯ ಲ್ಯಾಪ್‌ಟಾಪಿನಲ್ಲಿ ಮಾತ್ರ ಬೇಡ.

ಅಂಚೆಯಲ್ಲಿ ದಾವೆಯ ನೋಟಿಸು ಬಂದರೆ ಜಾಹೀರಾತೆಂದು ಎಸೆಯಬೇಡಿ. ಫೆಡರಲ್ ಕಾಯ್ದೆಯಡಿಯ ಸಾಮೂಹಿಕ ದಾವೆಗೆ ನೀವಾಗಿ ಒಪ್ಪಿಗೆ ಪತ್ರ ಕೊಡದಿದ್ದರೆ ಅದರಲ್ಲಿ ನೀವಿಲ್ಲ. ರಾಜ್ಯ ಕಾನೂನಿನಡಿಯ ಕ್ಲಾಸ್ ಆಕ್ಷನ್ನಿನಲ್ಲಿ (ಇಡೀ ಗುಂಪಿನ ಪರವಾಗಿ ಕೆಲವರು ಹೂಡುವ ದಾವೆ) ಸಾಮಾನ್ಯವಾಗಿ ಇದರ ತಿರುವುಮುರುವು, ಬೇಡವೆಂದು ಬರೆದು ತಿಳಿಸದಿದ್ದರೆ ನೀವು ಒಳಗಿದ್ದಂತೆಯೇ. ಕೆಲಸಕ್ಕೆ ಸೇರುವಾಗ ಸಹಿ ಹಾಕಿದ ಕಾಗದಗಳಲ್ಲಿ ಆರ್ಬಿಟ್ರೇಷನ್ (ಕೋರ್ಟಿನ ಬದಲು ಖಾಸಗಿ ಮಧ್ಯಸ್ಥರ ಮುಂದೆ ತಕರಾರಿನ ತೀರ್ಮಾನ) ಎಂಬ ಪದವಿದೆಯೇ ಎಂದೂ ಹುಡುಕಿ. ಗುಂಪಾಗಿ ಹೋಗುವುದಿಲ್ಲವೆಂದು ಅದರಲ್ಲಿ ಬರೆಸಿಕೊಂಡಿದ್ದರೆ, ಎಪಿಕ್ ಸಿಸ್ಟಮ್ಸ್ ಎಂಬ ಕಂಪನಿಯ ಪ್ರಕರಣದ 2018ರ ಅಮೆರಿಕದ ಸುಪ್ರೀಂ ಕೋರ್ಟ್ ತೀರ್ಪಿನಂತೆ ಅದು ಊರ್ಜಿತ. ಆಗ ನಿಮ್ಮ ಬಾಕಿಯನ್ನು ಆರ್ಬಿಟ್ರೇಟರ್ ಮುಂದೆ ಒಬ್ಬರೇ ಕೇಳಬೇಕಾಗುತ್ತದೆ.

ವೀಸಾದ ಭಯ ಸುಳ್ಳಲ್ಲ. ಎಚ್-1ಬಿ ಎಂಬ ಉದ್ಯೋಗ ವೀಸಾ ಮೇಲಿರುವವರಿಗೆ ಕೆಲಸ ಹೋದರೆ, ಬೇರೆ ಕೆಲಸ ಹುಡುಕಿಕೊಳ್ಳಲು ಅಥವಾ ದೇಶ ಬಿಡಲು ಸಿಗುವುದು ಹೆಚ್ಚೆಂದರೆ 60 ದಿನ. ಬಾಕಿ ಕೇಳಿದ್ದಕ್ಕೆ ಕೆಲಸದಿಂದ ತೆಗೆಯುವುದು ಕಾನೂನುಬಾಹಿರ, ಆದರೆ ಅದನ್ನು ಸಾಬೀತುಪಡಿಸಲು 60 ದಿನ ಸಾಲದು. ಅದಕ್ಕೇ ಮ್ಯಾನೇಜರ್ ಬಳಿ ವಾದಕ್ಕಿಳಿಯುವ ಮುನ್ನ ಕಾರ್ಮಿಕ ಕಾನೂನಿನ ವಕೀಲರೊಬ್ಬರನ್ನು ಕಾಣಿರಿ. ಮೊದಲ ಭೇಟಿಗೆ ಹಲವರು ಫೀಸು ಕೇಳುವುದಿಲ್ಲ. ತಡಮಾಡಬೇಡಿ. ಫೆಡರಲ್ ಕಾಯ್ದೆಯಡಿ ಹಿಂದಿನ ಎರಡು ವರ್ಷದ ಬಾಕಿಯನ್ನು, ಕಂಪನಿ ಗೊತ್ತಿದ್ದೇ ತಪ್ಪು ಮಾಡಿದ್ದರೆ ಮೂರು ವರ್ಷದ್ದನ್ನು ಕೇಳಬಹುದು, ಅದರ ಹಿಂದಿನದು ವಾರವಾರಕ್ಕೂ ಕೈತಪ್ಪುತ್ತಾ ಹೋಗುತ್ತದೆ.