ಹೊಸ ಬೈಕು, ಎರಡು ಕೀ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: 125 ಸಿಸಿ ಬೈಕು ತಗೊಳ್ಳೋಣ ಅಂತಿದ್ದೇನೆ. ಶೋರೂಮಿನ ಕೊಟೇಶನ್ನಿನಲ್ಲಿ ಗಾಡಿಯ ಬೆಲೆ ಬಿಟ್ಟು ಇನ್ನೂ ಏಳೆಂಟು ಸಾಲುಗಳಿವೆ. ಯಾವುದಕ್ಕೆ ದುಡ್ಡು ಕೊಡಲೇಬೇಕು? ಡೆಲಿವರಿ ದಿನ ಏನೇನು ನೋಡಿಕೊಳ್ಳಬೇಕು?
– ದಾವಣಗೆರೆಯ ಓದುಗರು

ಉತ್ತರ: ತಪ್ಪಿಸಲಾಗದ ಬಾಬ್ತು ಮೂರು. ಎಕ್ಸ್‌ಶೋರೂಮ್ ಬೆಲೆ, ಆರ್‌ಟಿಒಗೆ ಹೋಗುವ ಜೀವಾವಧಿ ತೆರಿಗೆ ಮತ್ತು ನೋಂದಣಿ ಶುಲ್ಕ, ಐದು ವರ್ಷದ ಥರ್ಡ್ ಪಾರ್ಟಿ ವಿಮೆ (ನಿಮ್ಮ ಗಾಡಿಯಿಂದ ಬೇರೆಯವರಿಗಾದ ನಷ್ಟಕ್ಕೆ). 'ಹ್ಯಾಂಡ್ಲಿಂಗ್', 'ಫೈಲ್ ಚಾರ್ಜ್' ಎಂಬ ಸಾಲುಗಳ ಹಣ ಸರ್ಕಾರಕ್ಕೆ ಹೋಗುವುದಿಲ್ಲ, ಕೇಳಿ ತೆಗೆಸಿ. ಸೀಟ್ ಕವರ್, ಕ್ರ್ಯಾಶ್ ಗಾರ್ಡ್, ಪಾಲಿಶ್ ನಿಮ್ಮ ಇಷ್ಟ. 2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಬೈಕುಗಳಿಗೆ ಜಿಎಸ್‌ಟಿ 18%. ಬಿಲ್ಲಿನಲ್ಲಿ ಅದೇ ಇದೆಯೇ ನೋಡಿ.

ವಿಮೆಯ ಸಾಲಿನಲ್ಲಿ ಸ್ವಲ್ಪ ನಿಲ್ಲಿ. ಹೊಸ ದ್ವಿಚಕ್ರ ವಾಹನಕ್ಕೆ ಐದು ವರ್ಷದ ಥರ್ಡ್ ಪಾರ್ಟಿ ವಿಮೆ 2018ರ ಸೆಪ್ಟೆಂಬರ್‌ನಿಂದ ಕಡ್ಡಾಯ. ಆದರೆ ಗಾಡಿ ಕಳುವಾದರೆ ಆ ವಿಮೆಯಿಂದ ಒಂದು ರೂಪಾಯಿಯೂ ಬರುವುದಿಲ್ಲ. ಕಳ್ಳತನಕ್ಕೆ ಹಣ ಬರುವುದು 'ಓನ್ ಡ್ಯಾಮೇಜ್' ಭಾಗದಿಂದ, ಶೋರೂಮಿನಲ್ಲಿ ಅದನ್ನು ಸಾಮಾನ್ಯವಾಗಿ ಒಂದೇ ವರ್ಷಕ್ಕೆ ಹಾಕಿಕೊಡುತ್ತಾರೆ. 'ಐದು ವರ್ಷ ಇನ್ಶೂರೆನ್ಸ್ ಇದೆಯಲ್ಲ' ಎಂದುಕೊಂಡು ಎರಡನೇ ವರ್ಷ ನವೀಕರಿಸದೆ ಬಿಟ್ಟವರು ಗಾಡಿ ಹೋದ ಮೇಲೆ ಕೈಕೈ ಹಿಸುಕಿಕೊಳ್ಳುತ್ತಾರೆ. ಪಾಲಿಸಿಯಲ್ಲಿ ಎರಡು ಮುಕ್ತಾಯ ದಿನಾಂಕಗಳಿರುತ್ತವೆ. ಮೊದಲು ಬರುವುದನ್ನು ಕ್ಯಾಲೆಂಡರಿನಲ್ಲಿ ಗುರುತು ಮಾಡಿ. ವಿಮೆಯನ್ನು ಶೋರೂಮಿನಲ್ಲೇ ಮಾಡಿಸಬೇಕೆಂಬ ನಿಯಮವೂ ಇಲ್ಲ.

ಪಾಲಿಸಿಯಲ್ಲಿ ಕಾಣುವ ಐಡಿವಿ ಅಂದರೆ ಗಾಡಿ ಕಳುವಾದರೆ ಸಿಗುವ ಮೊತ್ತ. ಎಕ್ಸ್‌ಶೋರೂಮ್ ಬೆಲೆ 90,000 ಇದ್ದರೆ ಹೊಸ ಗಾಡಿಗೆ 5% ಕಳೆದು 85,500. ವರ್ಷ ದಾಟಿದರೆ 20% ಕಳೆದು 72,000. ತೆರಿಗೆ, ವಿಮೆ ಸೇರಿ ನೀವು ಕೊಟ್ಟದ್ದು 1,15,000 ಆದರೆ, ಮೊದಲ ತಿಂಗಳೇ ಗಾಡಿ ಹೋದರೂ ಸುಮಾರು 30,000 ನಿಮ್ಮ ಕೈಯಿಂದಲೇ. ಈ ಅಂತರ ತುಂಬುವುದು 'ರಿಟರ್ನ್ ಟು ಇನ್‌ವಾಯ್ಸ್' ಎಂಬ ಹೆಚ್ಚುವರಿ ರಕ್ಷಣೆ. ರಸ್ತೆಯಲ್ಲಿ ಗಾಡಿ ನಿಲ್ಲಿಸುವವರು ಮೊದಲ ಎರಡು ವರ್ಷವಾದರೂ ಇದನ್ನು ತೆಗೆದುಕೊಳ್ಳಲೇಬೇಕು ಎಂಬುದು ನಮ್ಮ ಅಭಿಪ್ರಾಯ. ರಸ್ತೆ ತೆರಿಗೆಯೂ ಅದರಲ್ಲಿ ಸೇರಿದೆಯೇ ಎಂದು ಪಾಲಿಸಿ ಓದಿ ಖಚಿತಪಡಿಸಿಕೊಳ್ಳಿ.

ಡೆಲಿವರಿ ದಿನ ಹೂವಿನ ಹಾರ ಹಾಕುವ ಮೊದಲು ಮೊಬೈಲಿನ ಟಾರ್ಚ್ ಹಿಡಿದು ಚಾಸಿಸ್ ನಂಬರ್ ಓದಿ. ಹೆಚ್ಚಿನ ಬೈಕುಗಳಲ್ಲಿ ಅದು ಹ್ಯಾಂಡಲ್ ಕೆಳಗೆ, ಫೋರ್ಕ್ ತಿರುಗುವ ದಪ್ಪ ಕೊಳವೆಯ ಮೇಲೆ ಕೊರೆದಿರುತ್ತದೆ. ಒಟ್ಟು 17 ಅಕ್ಷರ–ಅಂಕೆ. ಇದರಲ್ಲಿ ಇಂಗ್ಲಿಷಿನ ಐ, ಒ, ಕ್ಯೂ ಅಕ್ಷರಗಳನ್ನು ಬಳಸುವುದೇ ಇಲ್ಲ. ಕಾಗದದಲ್ಲಿ 'ಒ' ಕಂಡರೆ ಅದು ಸೊನ್ನೆ ಆಗಬೇಕಿತ್ತು, ಅಲ್ಲೇ ತಿದ್ದಿಸಿ. ಎಂಜಿನ್ ನಂಬರ್ ಎಂಜಿನ್ನಿನ ಕೆಳಭಾಗದ ಕೇಸಿನ ಮೇಲೆ ಇರುತ್ತದೆ. ಎರಡನ್ನೂ ಬಿಲ್ಲು, ಫಾರಂ 21 (ಮಾರಾಟ ಪ್ರಮಾಣಪತ್ರ), ಫಾರಂ 22 (ಗಾಡಿ ರಸ್ತೆಗೆ ಯೋಗ್ಯ ಎಂಬ ಪ್ರಮಾಣಪತ್ರ), ವಿಮೆ ಪಾಲಿಸಿ ನಾಲ್ಕಕ್ಕೂ ತಾಳೆ ನೋಡಿ, ಆರ್‌ಸಿ ಬಂದಾಗ ಮತ್ತೊಮ್ಮೆ ನೋಡಿ. ಒಂದೇ ಅಕ್ಷರ ತಪ್ಪಿದ್ದರೂ ಕ್ಲೇಮ್ ಹೊತ್ತಿನಲ್ಲಿ ಅಲೆದಾಟ ತಪ್ಪದು. ಕೊರೆದ ನಂಬರಿನ ಫೋಟೊ ತೆಗೆದಿಡಿ.

ಟೈರಿನ ಪಕ್ಕದ ನಾಲ್ಕು ಅಂಕೆ ತಯಾರಾದ ವಾರ ಮತ್ತು ವರ್ಷ. 3225 ಎಂದಿದ್ದರೆ 2025ರ 32ನೇ ವಾರ. ನೋಂದಣಿ ಆಗದ ಗಾಡಿಯನ್ನು ಓಡಿಸಿಕೊಂಡು ಹೋಗಿ ಎಂದರೆ ಒಪ್ಪಬೇಡಿ.

ಕೊನೆಯದಾಗಿ ಎರಡು ಕೀ. ಕೆಲವು ಕಂಪನಿಗಳು ಕೀಗೊಂಚಲಿನ ಜೊತೆ ಕೀ ನಂಬರ್ ಕೊರೆದ ಪುಟ್ಟ ತಗಡಿನ ಬಿಲ್ಲೆ ಕೊಡುತ್ತವೆ. ಬಿಲ್ಲೆಯನ್ನು ಅಂದೇ ಬಿಚ್ಚಿ, ಎರಡನೇ ಕೀ ಜೊತೆ ಮನೆಯ ಬೀರುವಿನಲ್ಲಿಡಿ. ಎರಡೂ ಕೀ ಒಂದೇ ರಿಂಗಿನಲ್ಲಿ ಬೇಡ. ಎರಡನೆಯ ಕೀ ಸೀಟಿನ ಕೆಳಗಂತೂ ಬೇಡವೇ ಬೇಡ.

ಪ್ರಶ್ನೆ: ಬೆಂಗಳೂರಿನಲ್ಲಿ ಪಿಜಿಯಲ್ಲಿದ್ದೇನೆ. ಗೇಟಿನ ಒಳಗೆ ಜಾಗವಿಲ್ಲ, ರಾತ್ರಿ ಗಾಡಿ ರಸ್ತೆಯಲ್ಲೇ. ಹ್ಯಾಂಡಲ್ ಲಾಕ್ ಸಾಕೇ? ಡಿಸ್ಕ್ ಲಾಕ್ ತಗೊಳ್ಳಲೇ, ಚೈನ್ ತಗೊಳ್ಳಲೇ?
– ಮಾರತ್ತಹಳ್ಳಿಯ ಓದುಗರು

ಉತ್ತರ: ಹ್ಯಾಂಡಲ್ ಲಾಕ್ ಸಾಲದು. ಒಳಗೆ ಗಾಡಿಯನ್ನು ಹಿಡಿದಿರುವುದು ಬೆರಳು ಗಾತ್ರದ ಒಂದು ಪಿನ್ನು. ಹ್ಯಾಂಡಲ್ ಉದ್ದವಾದ ಸನ್ನೆಗೋಲಿನಂತೆ ಇರುವುದರಿಂದ ಬಲ ಬಿದ್ದರೆ ಪಿನ್ನು ಮುರಿಯುತ್ತದೆ. ಹಾಗೆಂದು ಹಾಕದೆ ಬಿಡಬೇಡಿ. ಹಾಕಿದ ಮೇಲೆ ಹ್ಯಾಂಡಲ್ ಅಲುಗಾಡಿಸಿ, ಪಿನ್ನು ಗುಂಡಿಗೆ ಕೂತಿದೆಯೇ ನೋಡಿ. ಕೀ ತಿರುಗಿದರೂ ಪಿನ್ನು ಕೂರದೆ ಉಳಿಯುವುದುಂಟು.

ಡಿಸ್ಕ್ ಲಾಕ್ ಚಕ್ರ ಉರುಳದಂತೆ ತಡೆಯುತ್ತದೆ, ಅಷ್ಟೇ. 125 ಸಿಸಿ ಬೈಕಿನ ತೂಕ 120 ಕಿಲೋ ಆಸುಪಾಸು. ಇಬ್ಬರು ಎತ್ತಿ ಮಿನಿ ಲಾರಿಗೆ ಹಾಕಿದರೆ ಡಿಸ್ಕ್ ಲಾಕೂ ಅದರ ಜೊತೆಗೇ ಹೋಯಿತು. ನಿಮ್ಮ ಬೈಕಿನ ಮುಂದಿನ ಚಕ್ರಕ್ಕೆ ಡ್ರಮ್ ಬ್ರೇಕ್ ಇದ್ದರೆ ಡಿಸ್ಕ್ ಲಾಕಿನ ಮಾತೇ ಇಲ್ಲ. ಡಿಸ್ಕ್ ಇದ್ದರೆ ಅದರ ತೂತಿನ ಅಳತೆ ನೋಡಿ ಕೊಳ್ಳಿ. ಪಿನ್ನು 6 ಮಿ.ಮೀ.ನಿಂದ 14 ಮಿ.ಮೀ.ವರೆಗೆ ಸಿಗುತ್ತದೆ. ತೂತಿಗೆ ಹಿಡಿಸುವಷ್ಟು ದಪ್ಪದ್ದನ್ನೇ ಆರಿಸಿ. ಅಲಾರಂ ಇರುವ ಡಿಸ್ಕ್ ಲಾಕ್ ಹಗಲು ಹೊತ್ತಿನ ಪೇಟೆ ಕೆಲಸಕ್ಕೆ ಒಳ್ಳೆಯದು.

ನಿಮ್ಮ ಪರಿಸ್ಥಿತಿಗೆ ಬೇಕಾದ್ದು ಗಾಡಿಯನ್ನು ಅಲುಗಾಡದ ವಸ್ತುವಿಗೆ ಕಟ್ಟುವ ಚೈನ್. ಪ್ಲಾಸ್ಟಿಕ್ ಹೊದಿಕೆಯ ಸುರುಳಿ ಕೇಬಲ್ ಬೀಗ ನೋಡಲು ಹೆಬ್ಬೆರಳ ದಪ್ಪ, ಒಳಗಿನ ತಂತಿ ಪೆನ್ಸಿಲಿಗಿಂತ ತೆಳು. ಹೆಲ್ಮೆಟ್ ಕಟ್ಟಲು ಇಟ್ಟುಕೊಳ್ಳಿ. ಚೈನ್ ಕೊಳ್ಳುವಾಗ ಹೊದಿಕೆಯ ಬಟ್ಟೆ ಸರಿಸಿ ಕೊಂಡಿಯ ದಪ್ಪ ಅಳೆಯಿರಿ. ಗಟ್ಟಿಗೊಳಿಸಿದ ಉಕ್ಕಿನಲ್ಲಿ 10 ಮಿ.ಮೀ. ಕನಿಷ್ಠ, 12 ಆದರೆ ನೆಮ್ಮದಿ. 10 ಮಿ.ಮೀ.ನದೇ ಮೀಟರಿಗೆ ಎರಡು ಕಿಲೋ ದಾಟುತ್ತದೆ. ಹೊತ್ತು ತಿರುಗಬೇಡಿ, ರಾತ್ರಿ ನಿಲ್ಲಿಸುವ ಜಾಗದಲ್ಲೇ ಬಿಡಿ. ಬೀಗದ ಕೊಂಡಿಯೂ ಚೈನಿನಷ್ಟೇ ದಪ್ಪ ಇರಬೇಕು. ದಪ್ಪ ಚೈನಿಗೆ ಕಪಾಟಿನ ಬೀಗ ಹಾಕಿದರೆ ಬಲ ಬೀಗದಷ್ಟೇ.

ಕಟ್ಟುವುದು ಹೀಗೆ: ಹಿಂದಿನ ಚಕ್ರದ ಕಡ್ಡಿಗಳ ನಡುವೆ, ಸ್ವಿಂಗ್ ಆರ್ಮ್ (ಹಿಂದಿನ ಚಕ್ರ ಹಿಡಿದಿರುವ ತೋಳು) ಸುತ್ತಿ, ಗೇಟಿನ ಕಂಬಕ್ಕೆ. ಮುಂದಿನ ಚಕ್ರಕ್ಕೆ ಮಾತ್ರ ಕಟ್ಟಿದರೆ ಒಂದು ಆಕ್ಸಲ್ ಬಿಚ್ಚಿದರೆ ಚಕ್ರ ಉಳಿದು ಗಾಡಿ ಹೋಗುತ್ತದೆ. ಚೈನ್ ನೆಲದ ಮೇಲೆ ಬಿದ್ದಿರಬಾರದು. ಬೋಲ್ಟ್ ಕಟರಿನ ಒಂದು ಹಿಡಿ ನೆಲಕ್ಕೆ ಊರಿ ಇನ್ನೊಂದರ ಮೇಲೆ ಮೈಭಾರ ಹಾಕಲು ಅದು ಅನುಕೂಲ. ಬಿಗಿಯಾಗಿ, ನೆಲದಿಂದ ಮೇಲೆ, ಬೀಗದ ತೂತು ಕೆಳಮುಖವಾಗಿ ಇರಲಿ. ಮಳೆ ನೀರೂ ಒಳಗೆ ಇಳಿಯುವುದಿಲ್ಲ.

ಕಂಬವೇ ಇಲ್ಲದಿದ್ದರೆ ಪಿಜಿ ಮಾಲೀಕರನ್ನು ಕೇಳಿ ಗೋಡೆ ಬದಿಯಲ್ಲಿ ಅವರದೇ ಜಾಗದಲ್ಲಿ ಒಂದು ಕೊಂಡಿ ಹೂಳಿಸಿ. ಒಂದಡಿ ಉದ್ದ, ಅಗಲ, ಆಳದ ಗುಂಡಿ. 20 ಮಿ.ಮೀ. ಕಂಬಿಯನ್ನು ಯು ಆಕಾರಕ್ಕೆ ಬಗ್ಗಿಸಿ, ಕಾಲುಗಳ ತುದಿಯನ್ನು ಹೊರಕ್ಕೆ ಮಡಿಸಿ ಇಳಿಸಿ. ಒಂದು ಪಾಲು ಸಿಮೆಂಟ್, ಎರಡು ಮರಳು, ನಾಲ್ಕು ಜಲ್ಲಿ. ಸಿಮೆಂಟ್ ಹತ್ತು ಕಿಲೋ ಸಾಕು. ಏಳು ದಿನ ನೀರುಣಿಸಿ, ಆಮೇಲೆ ಬಳಸಿ. ನಾಲ್ಕೈದು ಗಾಡಿಯವರು ಸೇರಿ ಖರ್ಚು ಹಂಚಿಕೊಂಡರೆ ಯಾರಿಗೂ ಭಾರವಾಗದು.

ಗಾಡಿಗೆ ಕವರ್ ಹಾಕಿ. ಹೊಸದೋ ಹಳೆಯದೋ, ಯಾವ ಮಾಡೆಲೋ ದಾರಿಹೋಕರಿಗೆ ತಿಳಿಯದಿರುವುದೂ ಒಂದು ರಕ್ಷಣೆ.

ಪ್ರಶ್ನೆ: ಎಚ್‌ಎಸ್‌ಆರ್‌ಪಿ ಪ್ಲೇಟ್ ಇದ್ದರೆ ಗಾಡಿ ಕದಿಯಲಾಗುವುದಿಲ್ಲವೇ?
– ಗದಗದ ಓದುಗರು

ಉತ್ತರ: ಕದಿಯುವುದನ್ನು ಅದು ತಡೆಯುವುದಿಲ್ಲ. ಕದ್ದ ಗಾಡಿಗೆ ಬೇರೆ ನಂಬರ್ ಹಾಕಿ ಓಡಿಸುವುದನ್ನು ಕಷ್ಟ ಮಾಡುತ್ತದೆ. ಪ್ಲೇಟಿನಲ್ಲಿ ಅಶೋಕ ಚಕ್ರದ ಹೊಲೊಗ್ರಾಂ ಇರುತ್ತದೆ, ಲೇಸರಿನಲ್ಲಿ ಕೊರೆದ ವಿಶಿಷ್ಟ ಸಂಖ್ಯೆ ಇರುತ್ತದೆ. ಸ್ನ್ಯಾಪ್ ಲಾಕ್ ಒಮ್ಮೆ ಬಿಚ್ಚಿದರೆ ಮತ್ತೆ ಕೂರದು. ಹೊಸ ಗಾಡಿಗೆ ನಟ್ಟು ಬೋಲ್ಟಿನಲ್ಲಿ ಪ್ಲೇಟ್ ಕೂರಿಸಿಕೊಟ್ಟರೆ ವಾಪಸ್ ಕಳಿಸಿ ಸ್ನ್ಯಾಪ್ ಲಾಕ್ ಹಾಕಿಸಿ.

ಪ್ರಶ್ನೆ: ಜಿಪಿಎಸ್ ಟ್ರ್ಯಾಕರ್ ಹಾಕಿಸಿದೆ. ಹತ್ತು ದಿನ ಊರಿಗೆ ಹೋಗಿ ಬಂದರೆ ಬ್ಯಾಟರಿ ಸತ್ತಿತ್ತು. ಸಾಧನ ಕೆಟ್ಟದ್ದೇ?
– ಹುಬ್ಬಳ್ಳಿಯ ಓದುಗರು

ಉತ್ತರ: ಲೆಕ್ಕ ಹಾಕಿ ನೋಡೋಣ. ಟ್ರ್ಯಾಕರ್ ಸರಾಸರಿ 20 ಮಿಲಿಆಂಪ್ ಎಳೆದರೂ ದಿನಕ್ಕೆ ಸುಮಾರು 0.5 ಆಂಪ್‌ಅವರ್ ಆಯಿತು. ಸಣ್ಣ ಬೈಕಿನ ಬ್ಯಾಟರಿ 4ರಿಂದ 5 ಆಂಪ್‌ಅವರ್. ಎಂಟು ಹತ್ತು ದಿನಕ್ಕೆ ಖಾಲಿ, ಸೆಲ್ಫ್ ಎತ್ತದಿರುವುದು ಇನ್ನೂ ಬೇಗ. ಸಾಧನ ಕೆಟ್ಟಿರಬೇಕೆಂದೇನಿಲ್ಲ. ಗಾಡಿ ನಿಂತಾಗ ನಿದ್ರಿಸುವ ಸ್ಲೀಪ್ ಮೋಡ್ ಅದರಲ್ಲಿದೆಯೇ, ಆನ್ ಆಗಿದೆಯೇ ನೋಡಿ. ಮಲ್ಟಿಮೀಟರನ್ನು ಬ್ಯಾಟರಿಯ ನೆಗೆಟಿವ್ ತಂತಿಗೆ ಸರಣಿಯಲ್ಲಿ ಕೊಟ್ಟು, ಕೀ ಆಫ್ ಮಾಡಿ ಅಳೆಯಿರಿ. ಐದಾರು ಮಿಲಿಆಂಪಿಗೆ ಇಳಿಯದಿದ್ದರೆ ಅದು ಮಲಗುತ್ತಿಲ್ಲ. ಒಂದು ವಾರಕ್ಕಿಂತ ಹೆಚ್ಚು ಗಾಡಿ ನಿಲ್ಲುವುದಾದರೆ ಮನೆಯವರಿಂದ ಆಗಾಗ ಅರ್ಧ ಗಂಟೆ ಓಡಿಸಿ.

ಜೋಡಣೆಯಲ್ಲಿ ಎರಡು ತಪ್ಪು ಸಾಮಾನ್ಯ. ಒಂದು, ಫ್ಯೂಸ್ ಇಲ್ಲದೆ ನೇರ ಬ್ಯಾಟರಿಗೆ ಕೊಡುವುದು. 1 ಅಥವಾ 2 ಆಂಪ್ ಫ್ಯೂಸ್ ಬ್ಯಾಟರಿಯ ಹತ್ತಿರವೇ ಇರಬೇಕು. ಎರಡು, ಲೋಹದ ತಗಡಿನ ಅಡಿಯಲ್ಲಿ ಬಚ್ಚಿಡುವುದು. ಅಲ್ಲಿ ಸಿಗ್ನಲ್ ಸಿಗದು, ಪ್ಲಾಸ್ಟಿಕ್ ಪ್ಯಾನಲಿನ ಒಳಗಿರಲಿ. ಒಳಗಿನ ಸಿಮ್ಮಿಗೆ ರೀಚಾರ್ಜ್ ಮುಗಿದರೆ ಟ್ರ್ಯಾಕರ್ ಇದ್ದೂ ಇಲ್ಲದಂತೆ. ಮೂಲ ವೈರಿಂಗ್ ಕತ್ತರಿಸಿ ಹಾಕಿದರೆ ಎಲೆಕ್ಟ್ರಿಕಲ್ ವಾರಂಟಿಗೆ ಧಕ್ಕೆ ಬರುತ್ತದೆ, ಕಪ್ಲರ್ (ತಂತಿ ಜೋಡಿಸುವ ಪ್ಲಗ್) ಮೂಲಕವೇ ಜೋಡಿಸಲು ಹೇಳಿ. ಕೀಗೊಂಚಲಿಗೆ ಹಾಕುವ ಬ್ಲೂಟೂತ್ ಟ್ಯಾಗನ್ನು ಇದಕ್ಕೆ ನಂಬಬೇಡಿ. ಜೊತೆಯಲ್ಲಿ ಅಪರಿಚಿತ ಟ್ಯಾಗ್ ಇದೆ ಎಂದು ಅದು ಕಳ್ಳನ ಫೋನಿಗೂ ತಿಳಿಸಬಹುದು.

ಮತ್ತೊಂದು ಮಾತು: ಆ್ಯಪ್ ಜಾಗ ತೋರಿಸಿತೆಂದು ಒಬ್ಬರೇ ಹೋಗಬೇಡಿ. 112ಕ್ಕೆ ಕರೆ ಮಾಡಿ, ಪೊಲೀಸರ ಜೊತೆ ಹೋಗಿ.

ಪ್ರಶ್ನೆ: ಕಲ್ಯಾಣ ಮಂಟಪದ ಮುಂದಿನಿಂದ ಗಾಡಿ ಹೋಯಿತು. ಠಾಣೆಯಲ್ಲಿ 'ಎರಡು ದಿನ ಹುಡುಕಿ, ಆಮೇಲೆ ಬನ್ನಿ' ಅಂದರು. ಸಾಲ ಇನ್ನೂ ಇದೆ, ಒಂದು ಕೀ ಮೊದಲೇ ಕಳೆದಿತ್ತು. ಏನು ಮಾಡಲಿ?
– ಕೋಲಾರ ಜಿಲ್ಲೆಯ ಓದುಗರು

ಉತ್ತರ: ಸಂಚಾರಿ ಪೊಲೀಸರು ಎತ್ತಿಕೊಂಡು ಹೋಗಿಲ್ಲ ಎಂಬುದನ್ನು ಫೋನಿನಲ್ಲಿ ಖಚಿತ ಮಾಡಿಕೊಂಡ ಮೇಲೆ ಎರಡು ದಿನ ಕಾಯಬೇಡಿ. ಇಂದೇ ಲಿಖಿತ ದೂರು ಕೊಡಿ: ಸ್ಥಳ, ಹೊತ್ತು, ನೋಂದಣಿ, ಚಾಸಿಸ್, ಎಂಜಿನ್ ನಂಬರ್, ಲಾಕ್ ಮಾಡಿದ್ದ ವಿವರ. ವಾಹನ ಕಳವು ಭಾರತೀಯ ನ್ಯಾಯ ಸಂಹಿತೆಯ ಕಲಂ 303ರ ಅಪರಾಧ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಬಿಎನ್‌ಎಸ್‌ಎಸ್) ಕಲಂ 173ರಂತೆ ಠಾಣೆ ದೂರು ದಾಖಲಿಸಿಕೊಂಡು ಎಫ್‌ಐಆರ್ ಪ್ರತಿಯನ್ನು ಉಚಿತವಾಗಿ ಕೊಡಬೇಕು. ಆನ್‌ಲೈನಿನಲ್ಲಿ ಕೊಟ್ಟ ದೂರಿಗೆ ಮೂರು ದಿನದೊಳಗೆ ನೀವು ಸಹಿ ಹಾಕಬೇಕು. ಠಾಣೆ ದೂರು ತೆಗೆದುಕೊಳ್ಳದಿದ್ದರೆ ಎಸ್‌ಪಿಗೆ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ.

ಅದೇ ದಿನ ವಿಮಾ ಕಂಪನಿಗೆ ಫೋನ್, ಇಮೇಲ್ ಎರಡೂ ಮಾಡಿ, ದೂರಿನ ಸಂಖ್ಯೆ ಬರೆದಿಡಿ. ಎಫ್‌ಐಆರ್ ಕೂಡಲೇ ಆಗಿದ್ದರೆ ಕಂಪನಿಗೆ ತಿಳಿಸಲು ತಡವಾಯಿತೆಂಬ ಒಂದೇ ಕಾರಣಕ್ಕೆ ಕ್ಲೇಮ್ ತಳ್ಳಿಹಾಕುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ. ಅದಿದ್ದರೂ ತಡ ಮಾಡಬೇಡಿ. ಬ್ಯಾಂಕಿಗೂ ಆರ್‌ಟಿಒಗೂ ಎಫ್‌ಐಆರ್ ಪ್ರತಿ ಕೊಡಿ. ಕಂತು ನಿಲ್ಲುವುದಿಲ್ಲ. ಕಟ್ಟದೆ ಬಿಟ್ಟರೆ ಬಡ್ಡಿ ಬೆಳೆಯುತ್ತದೆ, ಸಿಬಿಲ್ ಅಂಕವೂ ಕೆಡುತ್ತದೆ. ವಿಮೆ ಹಣ ಬಂದಾಗ ಮೊದಲು ಸಾಲಕ್ಕೆ ಹೋಗುತ್ತದೆ, ಮಿಕ್ಕಿದ್ದು ನಿಮಗೆ.

ಈಗ ಕೀ ವಿಚಾರ. ಕಂಪನಿ ಎರಡೂ ಮೂಲ ಕೀ ಕೇಳುತ್ತದೆ. ನಕಲು ಮಾಡಿಸಿ ಮೂಲವೆಂದು ಕೊಡುವ ಸಲಹೆ ನಿಮಗೆ ಬಂದೇ ಬರುತ್ತದೆ, ದಯವಿಟ್ಟು ಕೇಳಬೇಡಿ. ಬಳಸಿದ ಕೀಯ ಸವೆತ ಬೇರೆ, ನಿನ್ನೆ ಕೊರೆದ ಕೀಯ ಅಂಚು ಬೇರೆ. ಸಿಕ್ಕಿಬಿದ್ದರೆ ಇಡೀ ಕ್ಲೇಮ್ ಹೋಗುತ್ತದೆ. ಯಾವಾಗ, ಎಲ್ಲಿ ಕಳೆಯಿತು ಎಂದು ಅಫಿಡವಿಟ್ ಮಾಡಿಸಿ ಇದ್ದ ಒಂದು ಕೀ ಕೊಡಿ. ಕೀ ಕಳೆದ ದಿನವೇ ಪೊಲೀಸರಲ್ಲಿ ವಸ್ತು ಕಳೆದ ದೂರು ಕೊಟ್ಟು ಲಾಕ್ ಸೆಟ್ ಬದಲಿಸಿದ್ದರೆ ಈ ತೊಡಕು ಬರುತ್ತಿರಲಿಲ್ಲ. ಇತರ ಓದುಗರು ಇದನ್ನು ಗಮನಿಸಿ.

ಗಾಡಿ ಸಿಗದಿದ್ದರೆ ಠಾಣೆಯಿಂದ 'ಸಿ ರಿಪೋರ್ಟ್' (ಪತ್ತೆಯಾಗಲಿಲ್ಲ ಎಂಬ ವರದಿ) ಬರುತ್ತದೆ, ಕ್ಲೇಮ್ ಮುಗಿಯಲು ಅದು ಬೇಕೇ ಬೇಕು. ಜೊತೆಗೆ ಗಾಡಿಯ ಒಡೆತನ ವರ್ಗಾಯಿಸಲು ಸಹಿ ಮಾಡಿದ ಫಾರಂ 28, 29, 30. ಸಾಲವಿದ್ದರೆ ಬ್ಯಾಂಕಿನ ಎನ್‌ಒಸಿ, ಆರ್‌ಸಿಯಿಂದ ಸಾಲದ ನಮೂದು ತೆಗೆಸುವ ಫಾರಂ 35. ಹಣ ಬರುವ ಮೊದಲೇ ಗಾಡಿ ಸಿಕ್ಕರೆ ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ ಅರ್ಜಿ ಹಾಕಿ ಬಾಂಡ್ ಕೊಟ್ಟು ಬಿಡಿಸಿಕೊಳ್ಳಬಹುದು. ಹಣ ಪಡೆದ ಮೇಲೆ ಸಿಕ್ಕರೆ ಗಾಡಿ ವಿಮಾ ಕಂಪನಿಯದು.

ಪ್ರಶ್ನೆ: ಡಿಸ್ಕ್ ಲಾಕ್ ಹಾಕಿದ್ದು ಮರೆತು ಗಾಡಿ ಮುಂದೆ ಬಿಟ್ಟೆ. ಈಗ ಬ್ರೇಕ್ ಹಿಡಿದಾಗ ಲಿವರ್ ಮಿಡಿಯುತ್ತದೆ. ಓಡಿಸಬಹುದೇ?
– ಉಡುಪಿಯ ವಿದ್ಯಾರ್ಥಿ

ಉತ್ತರ: ತೋರಿಸುವ ತನಕ ಓಡಿಸಬೇಡಿ. ಲಾಕ್ ತಿರುಗಿ ಕ್ಯಾಲಿಪರಿಗೆ (ಬ್ರೇಕ್ ಪ್ಯಾಡ್ ಹಿಡಿದಿರುವ ಭಾಗ) ಬಡಿದಾಗ ಡಿಸ್ಕ್ ಸೊಟ್ಟಗಾಗಿರಬೇಕು. ಮೆಕ್ಯಾನಿಕ್ ಡಯಲ್ ಗೇಜ್ ಇಟ್ಟು ಚಕ್ರ ತಿರುಗಿಸಿ ನೋಡಲಿ. ಓಲಾಟ ಸಾಮಾನ್ಯವಾಗಿ 0.3 ಮಿ.ಮೀ. ದಾಟಿದರೆ ಡಿಸ್ಕ್ ಬದಲಿಸಬೇಕು, ಸುತ್ತಿಗೆಯಲ್ಲಿ ನೇರ ಮಾಡಿಸಬೇಡಿ. ಕ್ಯಾಲಿಪರ್ ಬೋಲ್ಟು, ಫೋರ್ಕಿನ ತಳ ಬಿರುಕು ಬಿಟ್ಟಿದೆಯೇ ಪರೀಕ್ಷಿಸಲಿ. ಎಬಿಎಸ್ ಇದ್ದರೆ ಸೆನ್ಸರ್ ರಿಂಗ್ ಬಾಗಿರಬಹುದು. ಗಾಡಿ ಸ್ವಲ್ಪ ಚಲಿಸಿದ ಮೇಲೆ ಮೀಟರಿನ ಎಬಿಎಸ್ ದೀಪ ಆರಬೇಕು, ಆರದಿದ್ದರೆ ಅಲ್ಲೇ ತೊಂದರೆ.

ಮುಂದೆ ಮರೆಯದಿರಲು ಲಾಕಿನಿಂದ ಹ್ಯಾಂಡಲಿಗೆ ಎಳೆದು ಕಟ್ಟುವ ಬಣ್ಣದ ಸುರುಳಿ ತಂತಿ ಸಿಗುತ್ತದೆ, ಕೊಳ್ಳಿ. ನಿಮ್ಮ ಕಡೆ ಉಪ್ಪುಗಾಳಿ. ತಿಂಗಳಿಗೊಮ್ಮೆ ಬೀಗದ ತೂತಿಗೆ ಗ್ರಾಫೈಟ್ ಪುಡಿ ಊದಿ, ಎಣ್ಣೆ ಬೇಡ. ಎಣ್ಣೆಗೆ ದೂಳು ಅಂಟಿ ಒಂದೆರಡು ಮಳೆಗಾಲದಲ್ಲಿ ಕೀ ತಿರುಗದಂತಾಗುತ್ತದೆ.