ಎರರ್ ಇಲ್ಲ, ಆದರೂ ಚಿತ್ರವೆಲ್ಲ ಸೊನ್ನೆ: ಏನಿರಬಹುದು?

ಪ್ರಶ್ನೆ: ಖಗೋಳ ವಿಜ್ಞಾನದ ಪ್ರಾಜೆಕ್ಟಿಗಾಗಿ ಸಿಫಿಟ್ಸ್‌ಐಓ (ಖಗೋಳ ಚಿತ್ರಗಳನ್ನಿಡುವ ಫಿಟ್ಸ್ ಫೈಲುಗಳನ್ನು ಓದಿ ಬರೆಯುವ ಸಿ ಭಾಷೆಯ) ಲೈಬ್ರರಿಯನ್ನು ಪೈಥಾನ್‌ನ ಸಿಟೈಪ್ಸ್ (ಸಿ ಫಂಕ್ಷನ್‌ಗಳನ್ನು ಕರೆಯುವ ಮಾಡ್ಯೂಲ್) ಮೂಲಕ ಬಳಸಲು ಒಂದು ರ‍್ಯಾಪರ್ (ಹೊದಿಕೆ ಕೋಡ್) ಬರೆಯುತ್ತಿದ್ದೇನೆ. ಕೈಪಿಡಿಯಲ್ಲಿರುವ ಉದ್ದ ಹೆಸರುಗಳಿಂದ ಕರೆದರೆ ಫಂಕ್ಷನ್ ಇಲ್ಲವೇ ಇಲ್ಲ ಎನ್ನುತ್ತದೆ, ಚಿಕ್ಕ ಹೆಸರು ಹಾಕಿದರೆ ಸಿಗುತ್ತದೆ. ಕೆಲವು ಫೈಲುಗಳ ಚಿತ್ರ ಪೂರ್ತಿ ಸೊನ್ನೆಯಾಗಿ ಬರುತ್ತದೆ, ಎರರ್ ಮಾತ್ರ ಏನೂ ಇಲ್ಲ. ಚೌಕವಲ್ಲದ ಚಿತ್ರಗಳು ಓರೆಯಾಗಿ ಹರಿದಂತೆ ಕಾಣುತ್ತವೆ. ಏನು ಮಾಡಲಿ?
— ಎಂ.ಎಸ್ಸಿ. ವಿದ್ಯಾರ್ಥಿನಿ, ಮೈಸೂರು

ಉತ್ತರ: ಸೊನ್ನೆಯ ವಿಷಯ ಮೊದಲು ನೋಡೋಣ, ಏಕೆಂದರೆ ಅದು ಸದ್ದಿಲ್ಲದೆ ನಿಮ್ಮ ಫಲಿತಾಂಶವನ್ನೇ ಹಾಳುಮಾಡುತ್ತದೆ.

ಸಿಫಿಟ್ಸ್‌ಐಓದ ಬಹುತೇಕ ಫಂಕ್ಷನ್‌ಗಳ ಕೊನೆಯ ಆರ್ಗ್ಯುಮೆಂಟ್ ‘ಸ್ಟೇಟಸ್’, ಅಂದರೆ ಎರರ್ ಸಂಖ್ಯೆ; ಸೊನ್ನೆ ಎಂದರೆ ಎಲ್ಲ ಸರಿ. ಫಂಕ್ಷನ್ ಒಳಗೆ ಹೋಗುವಾಗಲೇ ಅದರಲ್ಲಿ ಸೊನ್ನೆಗಿಂತ ದೊಡ್ಡ ಸಂಖ್ಯೆ ಇದ್ದರೆ, ಅದು ಏನೂ ಮಾಡದೆ ಹಾಗೇ ಹಿಂದಿರುಗುತ್ತದೆ. ಸಿ ಭಾಷೆಯಲ್ಲಿ ಹತ್ತು ಕರೆಗಳನ್ನು ಸಾಲಾಗಿ ಬರೆದು ಕೊನೆಗೊಮ್ಮೆ ಪರೀಕ್ಷಿಸಲು ಇದು ಅನುಕೂಲ. ಈಗ ನಿಮ್ಮ ಕೋಡ್ ಫಿಟ್ಸ್ ಫೈಲಿನ ಹೆಡರ್‌ನಲ್ಲಿ (ಚಿತ್ರದ ವಿವರಗಳಿರುವ ಭಾಗ) ‘ಎಕ್ಸ್‌ಪೋಷರ್’ ಕೀವರ್ಡ್ ಹುಡುಕುತ್ತದೆ ಎನ್ನಿ. ಆ ಫೈಲಿನಲ್ಲಿ ಅದು ಬೇರೆ ಹೆಸರಿನಲ್ಲಿದೆ. ಸ್ಟೇಟಸ್ 202 ಆಗುತ್ತದೆ, ಅಂದರೆ ಕೀವರ್ಡ್ ಇಲ್ಲ. ಅದೇ ಸ್ಟೇಟಸ್ಸನ್ನು ಚಿತ್ರ ಓದುವ ಫಂಕ್ಷನ್‌ಗೂ ಕೊಟ್ಟಿರಿ, ಅದು ಓದಲೇ ಇಲ್ಲ. ನೀವು ಮೊದಲೇ ಸೊನ್ನೆ ತುಂಬಿಟ್ಟ ನಂಪೈ ಅರೇ (ಪೈಥಾನ್‌ನಲ್ಲಿ ಸಂಖ್ಯೆಗಳನ್ನಿಡುವ ಕೋಷ್ಟಕ) ಹಾಗೇ ಉಳಿಯಿತು.

ಆದ್ದರಿಂದ ಪ್ರತಿ ಕರೆಗೂ ಹೊಸ ಸ್ಟೇಟಸ್ ಕೊಡಿ, ಕರೆ ಮುಗಿದ ತಕ್ಷಣ ಪರೀಕ್ಷಿಸಿ, ಸೊನ್ನೆಯಲ್ಲದಿದ್ದರೆ ಪೈಥಾನ್ ಎಕ್ಸೆಪ್ಶನ್ ಎಸೆಯಿರಿ. 202ಕ್ಕೆ ಕೀಎರರ್, ಫೈಲ್ ತೆರೆಯದಿದ್ದಾಗ ಬರುವ 104ಕ್ಕೆ ಓಎಸ್ಎರರ್ ಸಹಜ. ಲೈಬ್ರರಿ ಒಳಗೆ ವಿವರವಾದ ಸಂದೇಶಗಳ ಸ್ಟ್ಯಾಕ್ ಒಂದಿದೆ. ಅದನ್ನು ಖಾಲಿಯಾಗುವವರೆಗೆ ಓದಿ ಎಕ್ಸೆಪ್ಶನ್ ಜೊತೆ ಸೇರಿಸಿ. ಬಿಟ್ಟರೆ ಹಳೆಯ ಸಂದೇಶ ಮುಂದಿನ ಎರರ್‌ಗೆ ಅಂಟಿಕೊಂಡು ಬರುತ್ತದೆ. ನನ್ನ ದೃಷ್ಟಿಯಲ್ಲಿ ರ‍್ಯಾಪರ್ ಬರೆಯುವ ಕೆಲಸದ ಮುಕ್ಕಾಲು ಪಾಲು ಇದೇ. ಬಳಸುವವರಿಗೆ ಸ್ಟೇಟಸ್ ಎಂಬುದು ಕಾಣಲೇಬಾರದು.

ಹೆಸರಿನ ಗೊಂದಲ ಸುಲಭ. ಉದ್ದ ಹೆಸರುಗಳು ಸಿ ಭಾಷೆಯ ಹೆಡರ್ ಫೈಲಿನಲ್ಲಿರುವ ಮ್ಯಾಕ್ರೋಗಳು (ಚಿಕ್ಕ ಹೆಸರಿಗೆ ಬದಲಿ ಹೆಸರುಗಳು), ಕಂಪೈಲ್ ಆಗುವಾಗಲೇ ಮಾಯವಾಗುತ್ತವೆ. ಲೈಬ್ರರಿಯಲ್ಲಿ ಉಳಿಯುವುದು ‘ಎಫ್‌ಎಫ್‌ಜಿಪಿವಿ’, ‘ಎಫ್‌ಎಫ್‌ಕ್ಲೋಸ್’ ಥರದ ಚಿಕ್ಕ ಹೆಸರುಗಳೇ. ನೀವು ಮಾಡಿದ್ದು ಸರಿ.

ಇನ್ನು ಹರಿದ ಚಿತ್ರ. 1981ರಲ್ಲಿ ಪ್ರಕಟವಾದ ಫಿಟ್ಸ್ ಮಾದರಿ ಫೋರ್ಟ್ರಾನ್ ಕಾಲದ್ದು. ಅದರಲ್ಲಿ ಮೊದಲ ಅಕ್ಷವೇ ಬೇಗ ಬದಲಾಗುವುದು. ಹೆಡರ್‌ನಲ್ಲಿ ಮೊದಲ ಅಕ್ಷ 2048, ಎರಡನೆಯದು 1024 ಎಂದಿದ್ದರೆ ನಂಪೈ ಅರೇಯ ಆಕಾರ (1024, 2048) ಆಗಬೇಕು. ಡೇಟಾ ಅಲುಗಾಡಿಸಬೇಡಿ, ಆಕಾರ ತಿರುಗಿಸಿದರೆ ಸಾಕು. ಎಣಿಕೆಯೂ ಅಲ್ಲಿ ಒಂದರಿಂದ ಶುರು, ಪೈಥಾನ್‌ನಲ್ಲಿ ಸೊನ್ನೆಯಿಂದ. ಆ ಒಂದನ್ನು ಕೂಡಿಸುವ ಕೆಲಸ ರ‍್ಯಾಪರ್ ಒಳಗೇ ಆಗಲಿ.

ನೀವು ಕೇಳದ ಒಂದು ಮಾತು. ಪ್ರತಿ ಫಂಕ್ಷನ್‌ಗೂ ಆರ್ಗ್ಯುಮೆಂಟ್‌ಗಳ ಟೈಪ್ ಘೋಷಿಸಿ. ಇಲ್ಲದಿದ್ದರೆ ಸಿಟೈಪ್ಸ್ ಪೈಥಾನ್ ಪೂರ್ಣಾಂಕವನ್ನು 32 ಬಿಟ್‌ಗೆ ಕತ್ತರಿಸುತ್ತದೆ. ಫೈಲ್ ಪಾಯಿಂಟರ್ ಹಾಗೆ ತುಂಡಾದರೆ ಪ್ರೋಗ್ರಾಂ ಕುಸಿಯುತ್ತದೆ, ಅದೂ ಕೆಲವೊಮ್ಮೆ ಮಾತ್ರ. ಫೈಲ್ ಮುಚ್ಚುವುದನ್ನು ‘ವಿತ್’ ಬ್ಲಾಕಿಗೆ ವಹಿಸಿ. ಬರೆದ ಡೇಟಾ ಬಫರ್‌ನಲ್ಲೇ ಉಳಿದರೆ ಫೈಲ್ ಅರ್ಧವಾಗುತ್ತದೆ.

ಭಾರತದ ಖಗೋಳ ವೀಕ್ಷಣಾ ಉಪಗ್ರಹ ಆಸ್ಟ್ರೋಸ್ಯಾಟ್‌ನ ಡೇಟಾ ಬರುವುದೂ ಫಿಟ್ಸ್‌ನಲ್ಲೇ. ಅಂಥ ಫೈಲ್ ಓದುವುದಷ್ಟೇ ಗುರಿಯಾದರೆ ಪೈಥಾನ್‌ನ ಸಿದ್ಧ ಲೈಬ್ರರಿ ಆಸ್ಟ್ರೋಪೈ ಸಾಕು. ಕಲಿಯಲೆಂದೇ ಬರೆಯುತ್ತಿದ್ದರೆ ಮುಂದುವರಿಸಿ. ಪ್ರತಿ ಬದಲಾವಣೆಯ ನಂತರ 3 ಅಡ್ಡಸಾಲು, 5 ಕಂಬಸಾಲುಗಳ ಚಿತ್ರವೊಂದನ್ನು, ಪ್ರತಿ ಪಿಕ್ಸೆಲ್‌ಗೂ ಬೇರೆ ಸಂಖ್ಯೆ ಕೊಟ್ಟು, ಆಸ್ಟ್ರೋಪೈಯಿಂದ ಬರೆದು ನಿಮ್ಮ ರ‍್ಯಾಪರ್‌ನಿಂದ ಓದಿ ಹೋಲಿಸಿ.