ಬೀಪ್ ಬರಲೆಂದು ಕಾಯುವವರಿಗೆ

ಪ್ರಶ್ನೆ: ಪ್ರತಿ ಶನಿವಾರ ಕೆಂಗೇರಿಯಿಂದ ಮೈಸೂರಿಗೆ ಹೋಗಿಬರುತ್ತೇನೆ. ಹೊಸ ಕಾರಿನಲ್ಲಿ ಲೆವೆಲ್ 2 ಅಡಾಸ್ (ಚಾಲಕನಿಗೆ ನೆರವಾಗುವ ವ್ಯವಸ್ಥೆ) ಇದೆ. ಬಿಡದಿ ದಾಟಿ ಕ್ರೂಸ್ (ವೇಗ, ಮುಂದಿನ ಕಾರಿನ ಅಂತರ ಕಾಯುವುದು), ಲೇನ್ ಅಸಿಸ್ಟ್ (ಲೇನಿನೊಳಗೆ ಇರಿಸುವುದು) ಹಾಕಿದರೆ ಕಾರು ತಾನೇ ಹೋಗುತ್ತದೆ. ಆಗ ಒಂದೆರಡು ಮೆಸೇಜ್ ನೋಡಿದರೆ ತಪ್ಪೇನು? ಅಪಾಯವಿದ್ದರೆ ಕಾರೇ ಬೀಪ್ ಮಾಡುತ್ತದಲ್ಲ?

ಉತ್ತರ: ಕಾರು ತಾನೇ ಹೋಗುವುದಿಲ್ಲ. ಇದನ್ನು ಎಷ್ಟು ಸಲ ಬರೆದರೂ ಇದೇ ಪ್ರಶ್ನೆ ಬರುತ್ತಿದೆ. ಲೆವೆಲ್ 2ರಲ್ಲಿ ಸ್ಟಿಯರಿಂಗಿಗೂ ವೇಗಕ್ಕೂ ಕಾರು ಕೈಜೋಡಿಸುತ್ತದೆ ಅಷ್ಟೆ, ರಸ್ತೆ ನೋಡುವ ಕೆಲಸ ಪೂರ್ತಿ ನಿಮ್ಮದು. 100 ಕಿ.ಮೀ. ವೇಗದಲ್ಲಿ ಐದು ಸೆಕೆಂಡ್ ಫೋನ್ ನೋಡಿದರೆ ಸುಮಾರು 140 ಮೀಟರ್ ಕಣ್ಣುಮುಚ್ಚಿ ಓಡಿಸಿದಂತೆ.

ಬೀಪ್ ಬಂದೇ ಬರುತ್ತದೆ ಎಂಬ ನಂಬಿಕೆ ಅದಕ್ಕಿಂತ ಅಪಾಯಕಾರಿ. ಸೇತುವೆ, ಬೋರ್ಡು, ತಡೆಬೇಲಿ ಎಲ್ಲವೂ ಮುಂದಿರುವುದನ್ನು ಗುರುತಿಸುವ ಕಾರಿನ ರೇಡಾರಿಗೆ ಪ್ರತಿಫಲನ ಕೊಡುತ್ತವೆ. ಪ್ರತಿಯೊಂದಕ್ಕೂ ಬ್ರೇಕ್ ಹಾಕಿದರೆ ಕಾರು ಓಡಿಸಲಾಗದು. ಹಾಗಾಗಿ ಹೆಚ್ಚು ವೇಗದಲ್ಲಿ ನಿಂತ ವಸ್ತುಗಳನ್ನು ಎಷ್ಟೋ ವ್ಯವಸ್ಥೆಗಳು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಮುಂದಿನ ಕಾರು ಥಟ್ಟನೆ ಪಕ್ಕಕ್ಕೆ ಸರಿದು, ಅದರಾಚೆ ಕೆಟ್ಟುನಿಂತ ಲಾರಿ ಇತ್ತೆನ್ನಿ. ಮುಂದಿನ ಕಾರು ಹೋಯಿತು, ದಾರಿ ಖಾಲಿ ಎಂದುಕೊಂಡು ನಿಮ್ಮ ಕ್ರೂಸ್ ವೇಗ ಏರಿಸಲೂಬಹುದು. ಲಾರಿಯ ಹಿಂದೆ ಡ್ರೈವರ್ ನಾಲ್ಕು ಕಲ್ಲು, ಒಂದು ಸೊಪ್ಪಿನ ಕೊಂಬೆ ಇಟ್ಟಿರುತ್ತಾನೆ. ಅದರ ಅರ್ಥ ನಮಗೆ ಗೊತ್ತು, ಕ್ಯಾಮೆರಾಕ್ಕೆ ಗೊತ್ತಿಲ್ಲ. ವ್ಯವಸ್ಥೆಯ ಇಂಥ ಮಿತಿಗಳು ಮಾಲೀಕರ ಕೈಪಿಡಿಯಲ್ಲಿ ಎಚ್ಚರಿಕೆಯಾಗಿ ಅಚ್ಚಾಗಿರುತ್ತವೆ. ದಯವಿಟ್ಟು ಓದಿ.

"ಫೋನ್ ಮುಟ್ಟುವುದಿಲ್ಲ, ಸುಮ್ಮನೆ ನೋಡುತ್ತಾ ಕೂರುತ್ತೇನೆ" ಎನ್ನುವವರಿಗೂ ಒಂದು ಮಾತು. ಸುಮ್ಮನೆ ಕಾವಲು ಕೂರುವುದು ಮನುಷ್ಯನಿಗೆ ಒಗ್ಗುವ ಕೆಲಸವಲ್ಲ. ಬ್ರಿಟನ್ನಿನ ಮನಶ್ಶಾಸ್ತ್ರಜ್ಞ ನಾರ್ಮನ್ ಮ್ಯಾಕ್‌ವರ್ತ್ 1948ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಗಡಿಯಾರದ ಮುಳ್ಳನ್ನು ಕಾಯುತ್ತಿದ್ದವರ ಗಮನ ಅರ್ಧ ಗಂಟೆಯೊಳಗೇ ಕುಸಿದಿತ್ತು. 2018ರ ಮಾರ್ಚ್‌ನಲ್ಲಿ ಅಮೆರಿಕದ ಟೆಂಪಿಯಲ್ಲಿ ಊಬರ್‌ನ ಸ್ವಯಂಚಾಲಿತ ಪರೀಕ್ಷಾ ಕಾರು, ಸೈಕಲ್ ತಳ್ಳಿಕೊಂಡು ರಸ್ತೆ ದಾಟುತ್ತಿದ್ದ ಮಹಿಳೆಯನ್ನು ಕೊಂದಿತು. ರಸ್ತೆ ನೋಡುವುದಕ್ಕೇ ಸಂಬಳ ಪಡೆಯುತ್ತಿದ್ದ ಚಾಲಕಿ ಆಗ ಫೋನಿನಲ್ಲಿ ಕಾರ್ಯಕ್ರಮ ನೋಡುತ್ತಿದ್ದರು.

ಜೋರು ಮಳೆಯಲ್ಲಿ, ರಾತ್ರಿಯಲ್ಲಿ ನಾನು ಕ್ರೂಸ್, ಲೇನ್ ಅಸಿಸ್ಟ್ ಎರಡನ್ನೂ ಆಫ್ ಮಾಡುತ್ತೇನೆ. ಅತಿಯಾದ ಭಯ ಎಂದು ಸಹೋದ್ಯೋಗಿಗಳು ಹೇಳುತ್ತಾರೆ. ನಾನು ಬದಲಾಗುವುದಿಲ್ಲ.

ಪ್ರಶ್ನೆ: ಸ್ಟಿಯರಿಂಗಿಗೆ ತೂಕ ಕಟ್ಟಿದರೆ ಕೈ ಬಿಟ್ಟರೂ ಬೀಪ್ ಬರುವುದಿಲ್ಲವಂತೆ, ಆಕ್ಸೆಸರಿ ಅಂಗಡಿಯವರು ಕೊಡುತ್ತಾರೆ. ಹಾಕಿಸಲೇ?

ಉತ್ತರ: ಬೇಡವೇ ಬೇಡ. ಈಗಾಗಲೇ ಹಾಕಿಸಿಕೊಂಡವರು ಇವತ್ತೇ ಕಿತ್ತು ಬಿಸಾಡಿ. ಅಂಥದೊಂದು ಸಾಧನದ ಮಾರಾಟ ನಿಲ್ಲಿಸುವಂತೆ ಅಮೆರಿಕದ ಹೆದ್ದಾರಿ ಸುರಕ್ಷತಾ ಸಂಸ್ಥೆ 2018ರಲ್ಲೇ ಆದೇಶಿಸಿದೆ. ಅದನ್ನು ಮಾರುವವರು ನಿಮ್ಮ ಮನೆಯವರ ಜೀವದ ಜೊತೆ ವ್ಯಾಪಾರ ಮಾಡುತ್ತಿದ್ದಾರೆ.

ಪ್ರಶ್ನೆ: ಸಿಲ್ಕ್ ಬೋರ್ಡ್ ಟ್ರಾಫಿಕ್ಕಿನಲ್ಲಿ ಲೇನ್ ಅಸಿಸ್ಟ್ ಬೇಕೇ?

ಉತ್ತರ: ಬೇಡ, ಆದರೆ ಅಪಾಯ ಕಂಡರೆ ತಾನೇ ಬೀಳುವ ತುರ್ತು ಬ್ರೇಕ್ ಆಫ್ ಮಾಡಬೇಡಿ.

ಪ್ರಶ್ನೆ: ಮುಂದಿನ ಗಾಜು ಒಡೆದು ಹೊರಗಿನ ಗ್ಯಾರೇಜಿನಲ್ಲಿ ಬದಲಾಯಿಸಿದೆ. ಕ್ಯಾಲಿಬ್ರೇಷನ್ (ಅಡಾಸ್ ಕ್ಯಾಮೆರಾದ ಕೋನ ಸರಿಹೊಂದಿಸುವುದು) ದುಡ್ಡು ಕೀಳುವ ಉಪಾಯ ಎಂದರು.

ಉತ್ತರ: ಅವರು ಹೇಳಿದ್ದು ತಪ್ಪು. ಕ್ಯಾಮೆರಾ ಇರುವುದೇ ಆ ಗಾಜಿನ ಹಿಂದೆ. ಅದು ಒಂದು ಡಿಗ್ರಿ ವಾಲಿದರೆ 100 ಮೀಟರ್ ದೂರದಲ್ಲಿ ಒಂದೂಮುಕ್ಕಾಲು ಮೀಟರ್, ಅಂದರೆ ಅರ್ಧ ಲೇನ್ ಅಷ್ಟು ತಪ್ಪುತ್ತದೆ. ಕಂಪನಿಯ ಸರ್ವಿಸ್ ಸೆಂಟರಿನಲ್ಲಿ ಮಾಡಿಸಿ, ಬಿಲ್ಲಿನಲ್ಲಿ ಕ್ಯಾಲಿಬ್ರೇಷನ್ ಎಂದು ಬರೆಸಿಕೊಳ್ಳಿ. ಅಲ್ಲಿಯವರೆಗೆ ಅಡಾಸ್ ಬಳಸಬೇಡಿ.